ಒಂದೇ ಶನಿ, ಎರಡು ಲೆಕ್ಕ

ಯುಗಾದಿಯ ಹಿಂದಿನ ದಿನ ಶನಿ ಕುಂಭ ರಾಶಿ ಬಿಟ್ಟು ಮೀನಕ್ಕೆ ಕಾಲಿಟ್ಟಾಗ ದೇವನಹಳ್ಳಿ ಹತ್ತಿರದ ವಿಜಯಪುರದ ಶಶಿರೇಖಾ ಮನೆಯಲ್ಲಿ ಹಬ್ಬ ಒಂದು ದಿನ ಮೊದಲೇ ಬಂದಿತ್ತು. ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಗಂಡ ಭೀಮರಾಜ್ ಕೈಯಲ್ಲಿ ಎಳ್ಳೆಣ್ಣೆಯ ದೀಪ ಹಚ್ಚಿಸಿ, ಅಕ್ಕಪಕ್ಕದವರಿಗೆಲ್ಲ ಸಾಕಾಗುವಷ್ಟು ಪಾಯಸ ಮಾಡಿ ಹಂಚಿದಳು. ಭೀಮರಾಜ್ ಮಾತ್ರ ಪಾಯಸ ಕುಡಿಯುವ ಹಾಗಿರಲಿಲ್ಲ. ಇಡೀ ದಿನಕ್ಕೆ ಅವನ ಪಾಲಿನ ನೀರೆಂದರೆ ಒಂದು ಸಣ್ಣ ಚೊಂಬು. ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದರೊಳಗೇ. ಚಮಚದ ತುದಿಯಲ್ಲಿ ನಾಲಿಗೆ ಒದ್ದೆ ಮಾಡಿಕೊಂಡು, ಸಿಹಿ ಸರಿಯಾಗಿದೆ ಎಂದ. ಅಷ್ಟಕ್ಕೇ ಅವಳಿಗೆ ಕಣ್ಣು ತುಂಬಿ ಬಂತು.

ಭೀಮರಾಜ್ ಸರ್ಕಾರಿ ಬಸ್ಸಿನ ಡ್ರೈವರ್. ಮಕರ ರಾಶಿ. ಶನಿಯ ಏಳೂವರೆ ವರ್ಷದ ಸಾಡೇಸಾತಿ ಹಿಡಿದ ವರ್ಷವೇ ಅವನ ಅಪ್ಪ ತೀರಿಕೊಂಡರು. ಆಮೇಲೆ ದೇವನಹಳ್ಳಿ ರಸ್ತೆಯಲ್ಲಿ ಬಸ್ಸಿಗೆ ಅಡ್ಡ ಬಂದ ಬೈಕಿನವನೊಬ್ಬ ಸತ್ತು, ತಪ್ಪು ಇವನದಲ್ಲ ಎಂದು ತೀರ್ಮಾನವಾಗುವ ತನಕ ಅಮಾನತು, ಕೋರ್ಟು, ಅಲೆದಾಟ. ಅದು ಮುಗಿಯಿತು ಅನ್ನುವಾಗ ಕೊರೊನಾ. ಕೊರೊನಾದ ಹಿಂದೆಯೇ ಯಾರಿಗೂ ಗೊತ್ತಾಗದ ಹಾಗೆ ಏರಿ ಕೂತ ಬಿ.ಪಿ. ಒಂದು ದೀಪಾವಳಿಯ ಹೊತ್ತಿಗೆ ಕಾಲು ಊದಿಕೊಂಡು ಉಸಿರು ಕಟ್ಟಿದಾಗ, ಎರಡೂ ಕಿಡ್ನಿ ಹೋಗಿವೆ ಎಂದು ಡಾಕ್ಟರು ಹೇಳಿದರು. ವಾರಕ್ಕೆ ಮೂರು ಸಲ ದೇವನಹಳ್ಳಿಯಲ್ಲಿ ಡಯಾಲಿಸಿಸ್ ಶುರುವಾಯಿತು. ಡಯಾಲಿಸಿಸ್ಸಿನ ಸೂಜಿ ಚುಚ್ಚಲೆಂದು ಎಡಗೈಯ ನರ ಕೊಯ್ದು ಜೋಡಿಸಿದ ಜಾಗದಲ್ಲಿ ಚರ್ಮದ ಕೆಳಗೆ ರಕ್ತ ಜೇನುಹುಳದ ಹಾಗೆ ಗುಯ್‌ಗುಟ್ಟುತ್ತಿತ್ತು. ಮಲಗುವ ಮುಂಚೆ ಶಶಿರೇಖಾ ಅಲ್ಲಿ ಅಂಗೈ ಇಟ್ಟು, ಗುಯ್ ಅನ್ನುವುದು ತಾಗಿದ ಮೇಲೆ ಕಣ್ಣು ಮುಚ್ಚುತ್ತಿದ್ದಳು.

ಹೊಸ ಕಿಡ್ನಿ ಹಾಕಿಸಿದರೆ ಉಳಿಯುತ್ತಾನೆ ಎಂದು ತಿಳಿದ ದಿನವೇ ಅವನ ತಂಗಿ ಶಿಲ್ಪ ಫೋನಿನಲ್ಲಿ, ದೇವರು ಎರಡು ಕೊಟ್ಟಿರುವುದು ಇನ್ನೇತಕ್ಕೆ, ಒಂದು ಅಣ್ಣನಿಗೆ ಎಂದುಬಿಟ್ಟಿದ್ದಳು. ರಕ್ತದ ಗುಂಪೂ ಕೂಡಿ ಬಂದಿತ್ತು. ತಡೆದವಳು ಶಶಿರೇಖಾಳೇ. ಕುಂದಾಣದ ಜೋಯಿಸರು, ಶನಿ ಕುಂಭ ಬಿಡುವ ತನಕ ಇವನ ಮೈಗೆ ದೊಡ್ಡ ಕತ್ತಿ ತಾಗದಿರುವುದು ಒಳ್ಳೆಯದು ಎಂದಿದ್ದರು. ಅವರು ಹೇಳಿದ್ದು ಒಳ್ಳೆಯದು ಅಂತ ಅಷ್ಟೆ; ಅದನ್ನು ಕೂಡದು ಅಂತ ಮಾಡಿಕೊಂಡವಳು ಇವಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ತಡವಾದಷ್ಟೂ ಹೃದಯ ಸೋಲುತ್ತದಮ್ಮ ಎಂದು ತಿಳಿಹೇಳಿದರೂ, ಯುಗಾದಿ ಒಂದು ಕಳೆಯಲಿ ಸಾರ್ ಎಂದು ಕೈ ಮುಗಿದು ಬಂದಿದ್ದಳು.

ಈಗ ಆ ಯುಗಾದಿ ಬಾಗಿಲಿಗೆ ಬಂದಿತ್ತು. ಪಾಯಸದ ಪಾತ್ರೆ ತೊಳೆದಿಟ್ಟು ಶಿಲ್ಪಳಿಗೆ ಫೋನ್ ಮಾಡಿ, ಇನ್ನು ಯಾವತ್ತು ಟೆಸ್ಟಿಗೆ ಹೋಗೋಣ ಎಂದು ಕೇಳಿದಳು. ಶಿಲ್ಪ ಮೆಲ್ಲಗೆ ಹೇಳಿದಳು.

"ಅತ್ತಿಗೆ, ನನ್ನದು ಮೇಷ ರಾಶಿ. ಅಣ್ಣನ್ನ ಬಿಟ್ಟ ಶನಿ ನನ್ನನ್ನ ಹಿಡ್ಕೊಂಡನಂತೆ. ಇವತ್ತಿಂದಲೇ ಸಾಡೇಸಾತಿ ಅಂತ ಟಿವೀಲಿ ಹೇಳಿದ್ರು. ನಮ್ಮ ಮಾವ ಬೆಳಿಗ್ಗೆಯಿಂದ ಊಟ ಮಾಡಿಲ್ಲ."

ಶಶಿರೇಖಾ ಗೋಡೆಗೊರಗಿ ಕೂತಳು. ಗಂಡನನ್ನು ಬಿಟ್ಟು ಹೊರಟ ಶನಿ ಎಲ್ಲಿಗೆ ಹೋಗುತ್ತಾನೆ ಎಂದು ಅವಳು ಕೇಳಿರಲೇ ಇಲ್ಲ. ಜೋಯಿಸರ ಮುಂದೆ ಕೂತಾಗ ಮಡಿಲಲ್ಲಿ ಒಬ್ಬನ ಜಾತಕವನ್ನು ಮಾತ್ರ ಇಟ್ಟುಕೊಂಡಿದ್ದಳು. ಶಿಲ್ಪ ಕೊಡುತ್ತೇನೆ ಎಂದಾಗ ಶನಿಗೂ ಅವಳಿಗೂ ಸಂಬಂಧವಿರಲಿಲ್ಲ. ತಾನು ಕಾಯಿಸಿ ಕಾಯಿಸಿ, ಆ ಮಗುವಿನಂಥವಳ ಮನೆ ಬಾಗಿಲಿಗೆ ತಾನೇ ಶನಿಯನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದ ಹಾಗಾಯಿತು.

ಶಿಲ್ಪಳನ್ನು ಕೊಟ್ಟಿದ್ದು ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಹತ್ತಿರದ ಒಂದು ಹಳ್ಳಿಗೆ. ಗಂಡ ಮುನಿರಾಜು ಒಳ್ಳೆಯವನೇ, ಆದರೆ ಅಪ್ಪ ಆದಿನಾರಾಯಣಪ್ಪ ಹೂಂ ಅನ್ನದೆ ಎಮ್ಮೆಯನ್ನೂ ಬದಲಾಯಿಸುವವನಲ್ಲ. ಆಸ್ಪತ್ರೆಯವರಿಗೆ ಮುನಿರಾಜುವಿನ ಸಹಿಯೂ ಬೇಕಿತ್ತು. ಇತ್ತ ಭೀಮರಾಜ್‌ಗೆ ವಿಷಯ ತಿಳಿದದ್ದೇ ತಡ, ಅವನು ಇನ್ನೊಂದು ಬಾಗಿಲು ಹಾಕಿದ. "ಏಳೂವರೆ ವರ್ಷ ನನ್ನನ್ನ ಏನು ಮಾಡ್ತು ಅಂತ ನೀನೇ ನೋಡಿದ್ದೀಯ. ಆ ಕಾಲದಲ್ಲಿ ಅವಳ ಹೊಟ್ಟೆ ಕುಯ್ಸಿ ನಾನು ಬದುಕಬೇಕಾ? ಈ ಮಾತು ಇನ್ನೊಂದು ಸಲ ಎತ್ತಬೇಡ," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಮಳೆಗಾಲ ಕಳೆಯಿತು. ಸತ್ತವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಹೆಸರು ಬರೆಸಿದ್ದರು. ಆ ಸಾಲು ಕದಲುವ ಹಾಗೆ ಕಾಣಲಿಲ್ಲ. ಭೀಮರಾಜ್‌ನ ಕೆನ್ನೆ ಒಳಗೆ ಹೋಯಿತು, ಮೈ ಕಂದಿತು. ಒಂದು ಕಾಲದಲ್ಲಿ ಘಾಟಿಯ ತಿರುವುಗಳಲ್ಲಿ ಒಂದೇ ಕೈಯಲ್ಲಿ ಬಸ್ ತಿರುಗಿಸುತ್ತಿದ್ದವನಿಗೆ ಬಚ್ಚಲಿನಿಂದ ಮಂಚದ ತನಕ ಬರುವುದರಲ್ಲಿ ಒಂದು ಸಲ ಕೂರಬೇಕಾಗುತ್ತಿತ್ತು. ಶಶಿರೇಖಾ ಶನಿವಾರ ಶನಿವಾರ ಎಳ್ಳುಬತ್ತಿ ಹಚ್ಚಿದಳು. ಆದರೆ ದೀಪದ ಮುಂದೆ ಕೈ ಮುಗಿದರೆ ಏನು ಕೇಳಿಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ. ಗಂಡನನ್ನು ಕಾಪಾಡು ಎಂದರೆ ಶಿಲ್ಪಳನ್ನು ಕೊಡು ಎಂದ ಹಾಗೆ. ಶಿಲ್ಪಳನ್ನು ಬಿಟ್ಟುಬಿಡು ಎಂದರೆ ಗಂಡನನ್ನು ಕರೆದುಕೋ ಎಂದ ಹಾಗೆ.

ಡಯಾಲಿಸಿಸ್ಸಿಗೆ ಕೂತಾಗ ಪಕ್ಕದ ಮಂಚ ಅಬ್ದುಲ್ ರಜಾಕ್ ಅವರದು. ವಿಜಯಪುರದಲ್ಲೇ ರೇಷ್ಮೆ ನೂಲಿನ ವ್ಯಾಪಾರ ಮಾಡಿಕೊಂಡಿದ್ದವರು. ಅವರ ಹೆಂಡತಿ ಮಹಮೂದಾಗೂ ಶಶಿರೇಖಾಗೂ ಹೊರಗಿನ ಬೆಂಚಿನಲ್ಲಿ ಗೆಳೆತನ. ಮಹಮೂದಾಗೆ ಸಕ್ಕರೆ ಕಾಯಿಲೆ, ಅವಳ ಕಿಡ್ನಿ ಬರುವುದಿಲ್ಲ. ರಜಾಕ್‌ರಿಗೆ ಕೊಡುವವರು ಬೇರೆ ಯಾರೂ ಇಲ್ಲ. ಆದರೂ ಬೆಂಚಿನಲ್ಲಿ ನಗಿಸುವವಳು ಅವಳೇ. ಒಂದು ದಿನ ಶಶಿರೇಖಾ ಎಲ್ಲವನ್ನೂ ಅವಳ ಮುಂದೆ ಸುರಿದುಕೊಂಡಳು. ಮಹಮೂದಾ ಎಲೆಅಡಿಕೆಯನ್ನು ಕೆನ್ನೆಯ ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡಳು.

"ನೋಡು ಶಶಿ, ನನಗೆ ನಿಮ್ಮ ಶನಿ ಗಿನಿ ಗೊತ್ತಿಲ್ಲ. ನಮಗೆ ಚಂದ್ರ ಒಬ್ಬನೇ ಸಾಕು, ಅವನೇ ವರ್ಷಾ ವರ್ಷಾ ಗಲಾಟೆ ಮಾಡ್ತಾನೆ. ನನ್ನ ತಂಗಿ ಮಂಗಳೂರಲ್ಲಿ ಹಬ್ಬದ ಬಿರಿಯಾನಿ ತಿಂದು ಕೈ ತೊಳ್ಕೊಳ್ಳೋ ಹೊತ್ತಿಗೆ ನಾನಿಲ್ಲಿ ಇನ್ನೂ ರೋಜಾದಲ್ಲಿ ಇರ್ತೀನಿ. ಚಂದ್ರ ಒಂದೇ ಅಲ್ವಾ? ಅವಳಿಗೆ ಕಂಡ, ನನಗೆ ಕಾಣಲಿಲ್ಲ. ಅವಳ ಹಬ್ಬ ಸುಳ್ಳೂ ಅಲ್ಲ, ನನ್ನ ಉಪವಾಸ ಸುಳ್ಳೂ ಅಲ್ಲ."

"ಶನಿಗೆ ಹಂಗೆಲ್ಲ ಇರಲ್ಲ ಆಪಾ."

"ಕೇಳಿದ್ದೀಯಾ ಯಾರನ್ನಾದ್ರೂ?"

ಕೇಳಿರಲಿಲ್ಲ. ಮಾರನೆಯ ದಿನವೇ ಕುಂದಾಣದ ಬಸ್ ಹತ್ತಿದಳು.

ಜೋಯಿಸರು ವಯಸ್ಸಾದವರು, ಸುಳ್ಳು ಹೇಳುವ ಸ್ವಭಾವದವರಲ್ಲ. ಶನಿಯ ವಿಷಯದಲ್ಲೂ ಎರಡು ಲೆಕ್ಕ ಉಂಟು ಎಂದು ಒಪ್ಪಿಕೊಂಡರು. ಆಕಾಶಕ್ಕೆ ತಾಳೆ ನೋಡಿ ತಿದ್ದಿಕೊಂಡು ಬಂದ ಲೆಕ್ಕ ಒಂದು. ತಾವು ನೋಡುವುದು ಅದನ್ನೇ. ಹಿಂದಿನವರು ಕಟ್ಟಿಟ್ಟ ಸೂತ್ರಗಳನ್ನು ತಿದ್ದದೆ ಹಾಗೆಯೇ ನಡೆಸಿಕೊಂಡು ಬಂದದ್ದು ಇನ್ನೊಂದು, ಅದಕ್ಕೆ ವಾಕ್ಯ ಪಂಚಾಂಗ ಅನ್ನುತ್ತಾರೆ. ತಮಿಳು ಸೀಮೆಯಲ್ಲಿ ಬಹಳ ಜನ ನಂಬುವುದು ಅದನ್ನು. ತಿರುನಳ್ಳಾರಿನ ಶನಿ ದೇವಸ್ಥಾನದಲ್ಲೂ ಅದೇ.

"ಅದರಲ್ಲಿ ಶನಿ ಈಗ ಎಲ್ಲಿದ್ದಾನೆ ಸ್ವಾಮಿ?"

"ಇನ್ನೂ ಕುಂಭದಲ್ಲೇ ಇದ್ದಾನಮ್ಮ. ಮೀನಕ್ಕೆ ಬರೋದು ಮುಂದಿನ ಮಾರ್ಚಿಗೆ."

ಶಶಿರೇಖಾ ಕೂತಲ್ಲಿಂದ ಮುಂದಕ್ಕೆ ಸರಿದಳು. ಹಾಗಾದರೆ ಯಾವುದು ಸರಿ ಎಂದು ಕೇಳಿದಳು. ಜೋಯಿಸರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ದುರ್ಬೀನು ಹಿಡಿದು ನೋಡಿದರೆ ಅವನು ಸಿಗುವುದು ತಮ್ಮ ಲೆಕ್ಕ ಹೇಳಿದ ಜಾಗದಲ್ಲೇ ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು, ಆ ಕಡೆ ಪಂಚಾಂಗ ನೋಡಿ ಮದುವೆಯಾದವರೂ ಮಕ್ಕಳು ಮರಿ ಮಾಡಿಕೊಂಡು ಸುಖವಾಗಿಯೇ ಇದ್ದಾರೆ ಎಂದೂ ಸೇರಿಸಿದರು. ಇವಳು ಯಾಕೆ ಕೇಳುತ್ತಿದ್ದಾಳೆಂದು ಅವರಿಗೆ ಹೊಳೆದಿರಬೇಕು. ಕೇಳಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಶಶಿರೇಖಾಗೆ ಒಂದು ಮಾತು ನೆನಪಾಯಿತು. ಆದಿನಾರಾಯಣಪ್ಪನವರ ತೀರಿಹೋದ ಹೆಂಡತಿ ತಮಿಳು ಸೀಮೆಯ ಹೊಸೂರು ಕಡೆಯವರು. ಶಿಲ್ಪಳ ಮದುವೆಗೆ ದಿನ ಇಟ್ಟದ್ದೂ ಹೊಸೂರಿನಿಂದ ಬಂದ ಅವರ ಭಾಮೈದನೇ. ಇಲ್ಲಿಯ ಜೋಯಿಸರು ಹೇಳಿದ ದಿನ ಬೇಡವೆಂದು, ಮದುವೆಯ ಮಾತು ಮುರಿದುಬೀಳುವ ತನಕ ಹೋಗಿತ್ತು.

ಸೂಲಿಬೆಲೆ ಕಡೆಗೆ ಅವಳು ಹೋದದ್ದು ಸಂಕ್ರಾಂತಿ ಕಳೆದ ಮೇಲೆ, ಅವರೆಕಾಯಿ ಕಾಲದಲ್ಲಿ. ಅಷ್ಟು ದಿನ ತಡವಾದದ್ದು ಗಂಡನನ್ನು ಒಪ್ಪಿಸುವುದರಲ್ಲಿ. ಮದುವೆ ಮಾಡಿಕೊಟ್ಟ ಮೇಲೆ ಶಿಲ್ಪ ಆ ಮನೆಯವಳು, ಅವಳಿಗೆ ಆ ಮನೆಯ ಪಂಚಾಂಗವೇ ನಡೆಯಬೇಕು ಎಂದು ಹೇಳಿ ಹೇಳಿ, ಅವನು ವಾದಿಸುವ ಶಕ್ತಿ ಇಲ್ಲದೆ ಸುಮ್ಮನಾದ ದಿನವನ್ನು ಒಪ್ಪಿಗೆ ಎಂದುಕೊಂಡಿದ್ದಳು. ಈ ಸಲ ಟೆಸ್ಟುಗಳು ಮುಗಿಯುವುದಕ್ಕೂ ಮಾರ್ಚ್ ಬರುವುದಕ್ಕೂ ನಡುವೆ ಉಳಿದಿದ್ದ ಕಾಲ ಕಡಿಮೆ. ಬಸ್ಸಿಳಿದು ನಡೆಯುವಾಗ ಚಪ್ಪಲಿ ಕಿತ್ತುಹೋಯಿತು. ಕೈಯಲ್ಲಿ ಹಿಡಿದುಕೊಂಡೇ ಹೋದಳು.

ಆದಿನಾರಾಯಣಪ್ಪ ಅಂಗಳದಲ್ಲಿ ಅವರೆಕಾಯಿ ರಾಶಿಯ ಮುಂದೆ ಕೂತು ಹುಳುಕು ಆರಿಸುತ್ತಿದ್ದರು. ಶಿಲ್ಪ ಹಾಲಿನ ಕ್ಯಾನು ತೆಗೆದುಕೊಂಡು ಡೇರಿಗೆ ಹೋಗಿದ್ದಳು. ಬಾಮ್ಮ ಎಂದರು, ನೀರು ಕೊಟ್ಟರು, ಭೀಮರಾಜ್ ಹೇಗಿದ್ದಾನೆಂದು ಕೇಳಿದರು. ಅವಳು ನೇರವಾಗಿ ವಿಷಯಕ್ಕೆ ಬಂದಳು. ನಿಮ್ಮ ಮನೆಯ ಮುಹೂರ್ತಗಳನ್ನೆಲ್ಲ ಯಾವ ಪಂಚಾಂಗ ನೋಡಿ ಇಟ್ಟದ್ದು ಮಾವ, ಎಂದಳು. ಹೊಸೂರಿನದು ಎಂದರು. ಅದರಲ್ಲಿ ಶನಿ ಇನ್ನೂ ಮೇಷ ರಾಶಿಯವರ ಹತ್ತಿರಕ್ಕೂ ಬಂದಿಲ್ಲವಲ್ಲ, ಎಂದಳು. ಬೇಕಾದರೆ ನಿಮ್ಮ ಭಾಮೈದನಿಗೆ ಫೋನ್ ಮಾಡಿ ಕೇಳಿ ಎಂದಳು.

ಮುದುಕ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ಅವಳನ್ನು ನೋಡಿದರು.

"ಹಂಗಾದ್ರೆ ನಿನ್ನ ಗಂಡನ್ನೂ ಬಿಟ್ಟಿಲ್ಲ ಅಂತಾಯ್ತು."

"ಅವರಿಗೆ ಕುಂದಾಣದ ಲೆಕ್ಕ ಮಾವ. ಅದರಲ್ಲಿ ಬಿಟ್ಟು ವರ್ಷ ಆಗ್ತಾ ಬಂತು."

"ಒಂದೇ ಶನಿ. ಇಬ್ಬರಿಗೆ ಎರಡು ಲೆಕ್ಕ."

"ನಿಮ್ಮ ಮನೆ ಸೊಸೆಗೆ ನಿಮ್ಮ ಮನೆ ಲೆಕ್ಕ, ನಮ್ಮ ಮನೆ ಮಗನಿಗೆ ನಮ್ಮ ಮನೆ ಲೆಕ್ಕ. ಇದರಲ್ಲಿ ನಾನೇನು ಹೊಸದಾಗಿ ಮಾಡ್ಲಿಲ್ಲ."

"ಲಾಯರ್ ಆಗಬೇಕಿತ್ತು ಕಣಮ್ಮ ನೀನು," ಎಂದರು ಆದಿನಾರಾಯಣಪ್ಪ. ಮುಖದಲ್ಲಿ ನಗು ಇರಲಿಲ್ಲ.

ಹೊತ್ತು ಮುಳುಗಿ ಪಡುವಣ ಇನ್ನೂ ಕೆಂಪಾಗಿತ್ತು. ಅವರು ಎದ್ದು ಅಂಗಳದ ಅಂಚಿಗೆ ಹೋಗಿ, ತೆಂಗಿನ ಮರದ ಮೇಲೆ ಮಂಕಾಗಿ ಹೊಳೆಯುತ್ತಿದ್ದ ಒಂದು ಚುಕ್ಕಿಯನ್ನು, ಅದೇ ಶನಿ ಎಂದು ತೋರಿಸಿದರು. ಊರಿನ ಸ್ಕೂಲಿಗೆ ಯಾರೋ ದುರ್ಬೀನು ತಂದು ಎಲ್ಲರಿಗೂ ತೋರಿಸಿದ್ದರಂತೆ. ಇವರೂ ಸಾಲಿನಲ್ಲಿ ನಿಂತು ಕಣ್ಣಿಟ್ಟಿದ್ದರು. ಶನಿಯ ಸುತ್ತ ಬಳೆ ಇರುತ್ತದೆ, ಈಗ ಅಡ್ಡಡ್ಡ ತಿರುಗಿರುವುದರಿಂದ ಬರೀ ಗೆರೆಯ ಹಾಗೆ ಕಾಣುತ್ತದೆ ಎಂದು ಮೇಷ್ಟ್ರು ವಿವರಿಸಿದರಂತೆ. ಅವರೆಕಾಳಿಗೆ ಸೂಜಿ ಚುಚ್ಚಿದ ಹಾಗಿತ್ತು ಎಂದರು ಆದಿನಾರಾಯಣಪ್ಪ. ಇಷ್ಟು ಸಣ್ಣದು ನಮ್ಮನ್ನು ಏನು ಮಾಡೀತು ಅಂತ ಆ ಹೊತ್ತಿಗೆ ಅನ್ನಿಸಿತ್ತಂತೆ; ಮನೆಗೆ ಬಂದು ಸೊಸೆ ಮಗುವಿಗೆ ಅನ್ನ ಕಲಸಿ ತಿನ್ನಿಸುವುದನ್ನು ನೋಡಿದ ಮೇಲೆ ಮತ್ತೆ ಭಯ ಹಿಡಿಯಿತಂತೆ. ಶಶಿರೇಖಾ ಆ ಚುಕ್ಕಿಯನ್ನೇ ನೋಡಿದಳು. ಅದು ಕುಂಭದಲ್ಲಿದೆಯೋ ಮೀನದಲ್ಲಿದೆಯೋ ಹೇಳುವ ಯಾವ ಗಡಿಕಲ್ಲೂ ಅಲ್ಲಿ ಇರಲಿಲ್ಲ.

ಕೊನೆಗೆ ಅವರು ಹೊಸೂರಿಗೆ ಫೋನ್ ಮಾಡಿಸಿದರು. ಭಾಮೈದ ಹೌದು ಎಂದ. ಆದಿನಾರಾಯಣಪ್ಪ ಮತ್ತೆ ಅವರೆಕಾಯಿಯ ಮುಂದೆ ಕೂತು, ತಲೆ ಎತ್ತದೆ ಹೇಳಿದರು.

"ಶನಿ ಬರೋದರೊಳಗೆ ಆಗಬೇಕು. ಒಂದು ದಿನ ಆಚೆ ಹೋದ್ರೂ ನನ್ನನ್ನ ಕೇಳಬೇಡ."

ಆಮೇಲಿನ ದಿನಗಳಲ್ಲಿ ಶಶಿರೇಖಾ ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಟೆಸ್ಟು, ಸಹಿ, ಅಣ್ಣ ತಂಗಿ ಎಂದು ತೋರಿಸುವ ದಾಖಲೆ, ಡಾಕ್ಟರುಗಳ ಸಮಿತಿ. ಶಿಲ್ಪ ಹೋದ ಕಡೆಯೆಲ್ಲ ನಗುತ್ತಲೇ ಬಂದಳು. ಆಪರೇಷನ್ ಮಾರ್ಚಿಗೆ ಮುಂಚೆಯೇ ನಿಗದಿಯಾಯಿತು. ಮಹಮೂದಾ ಬೆಂಚಿನಲ್ಲಿ ಇವಳ ಗಲ್ಲ ಹಿಡಿದು ಅಲ್ಲಾಡಿಸಿ, ನೀನು ಶನಿಗೇ ಟೋಪಿ ಹಾಕಿದವಳು ಎಂದು ನಕ್ಕಳು.

ಇನ್ನೇನು ಅಡ್ಮಿಟ್ ಆಗಬೇಕು ಅನ್ನುವಾಗ ಭೀಮರಾಜ್‌ಗೆ ಕೆಮ್ಮು ಬಂತು. ಕೆಮ್ಮು ಜ್ವರವಾಯಿತು. ಎಕ್ಸ್‌ರೇ ನೋಡಿದ ಡಾಕ್ಟರು, ಶ್ವಾಸಕೋಶದಲ್ಲಿ ಸೋಂಕಿದೆ, ಇದು ಪೂರ್ತಿ ವಾಸಿಯಾಗದೆ ಆಪರೇಷನ್ ಮಾಡಿದರೆ ಟೇಬಲ್ ಮೇಲೆಯೇ ಕಳೆದುಕೊಳ್ಳುತ್ತೀರಿ ಎಂದರು. ಯಾವಾಗ ಸಾರ್ ಎಂದು ಕೇಳಿದಳು. ಯುಗಾದಿ ಕಳೆದ ಮೇಲೆ ನೋಡೋಣ ಎಂದರು.

ಒಂದು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಅದೇ ಮಾತನ್ನು ಅವಳೇ ಅವರಿಗೆ ಹೇಳಿದ್ದಳು. ಅವರಿಗೆ ಅದು ನೆನಪಿರಲಿಲ್ಲ.

ಜ್ವರದಲ್ಲಿ ಭೀಮರಾಜ್ ಮಾತು ಬಿಟ್ಟ. ಆಂಟಿಬಯೋಟಿಕ್ ಬಾಟಲಿ ಇಳಿಯುತ್ತಿತ್ತು. ಅವಳು ಅವನ ಕೈಯ ಗುಯ್‌ಗುಟ್ಟುವ ಜಾಗದ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತಿದ್ದಳು. ಮಾರ್ಚ್ ಬಂತು. ಹೊಸೂರಿನ ಲೆಕ್ಕದಲ್ಲೂ ಶನಿ ಮೀನಕ್ಕೆ ಬಂದ. ಎರಡೂ ಪಂಚಾಂಗಗಳು ಒಂದಾದವು. ಅವಳು ಎರಡರ ನಡುವೆ ಕಾಲೂರಿ ನಿಂತಿದ್ದ ಜಾಗವೇ ಇಲ್ಲವಾಯಿತು. ಶಿಲ್ಪ ಫೋನ್ ಮಾಡುತ್ತಿದ್ದಳು, ಇವಳು ಎತ್ತುತ್ತಿರಲಿಲ್ಲ. ಎತ್ತಿ ಏನು ಕೇಳುವುದು?

ಜ್ವರ ಇಳಿದು ಮತ್ತೆ ದೇವನಹಳ್ಳಿಗೆ ಹೋದ ದಿನ ರಜಾಕ್‌ರ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಶಶಿರೇಖಾ ವಿಚಾರಿಸಿದಳು. ರಂಜಾನ್ ಶುರುವಾದ ವಾರವೇ ತೀರಿಕೊಂಡರಂತೆ. ಡಯಾಲಿಸಿಸ್ ಮುಗಿಸಿ ಮನೆಗೆ ಹೋಗಿ ಮಲಗಿದವರು ಏಳಲಿಲ್ಲವಂತೆ.

ವಿಜಯಪುರದ ಅವರ ಮನೆಗೆ ಹೋದಾಗ ಮಹಮೂದಾ ಒಳಕೋಣೆಯಲ್ಲಿ ಕೂತಿದ್ದಳು. ಬಾಯಲ್ಲಿ ಎಲೆಅಡಿಕೆ ಇರಲಿಲ್ಲ. ಶಶಿರೇಖಾ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಸಮಾಧಾನ ಹೇಳಲು ಬಂದವಳು ತಾನೇ ಅಳತೊಡಗಿದಳು. ಶನಿ ಬಂದುಬಿಟ್ಟ ಆಪಾ, ಇನ್ನು ಆ ಮನೆಗೆ ಯಾವ ಮುಖ ಹೊತ್ತು ಹೋಗಲಿ ಎಂದಳು. ಮಹಮೂದಾ ಸೆರಗಿನಿಂದ ಇವಳ ಕಣ್ಣು ಒರೆಸಿದಳು.

"ನಮಗೆ ಕೊಡೋರು ಯಾರೂ ಇರಲಿಲ್ಲ ಶಶಿ. ಅದಕ್ಕೇ ನನಗೆ ಯಾರ ಕಾಲೂ ಹಿಡಿಯೋ ಕೆಲಸ ಇರಲಿಲ್ಲ. ನಿನಗೆ ಇದೆ. ಹೋಗಿ ಹಿಡ್ಕೋ."

ಮರುದಿನ ಸೂಲಿಬೆಲೆಯ ಬಸ್ಸಿನಲ್ಲಿ ಅವಳಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ಹೋದಾಗ ಆದಿನಾರಾಯಣಪ್ಪ ಜಗಲಿಯ ಮೇಲಿದ್ದರು. ಮುನಿರಾಜು ಇವಳನ್ನು ಕಂಡು ಕೊಟ್ಟಿಗೆಯ ಕಡೆ ಸರಿದುಹೋದ.

"ಈಗೇನು ತಂದಿದ್ದೀಯಮ್ಮ?" ಎಂದರು ಮುದುಕ. "ಮೂರನೇ ಪಂಚಾಂಗ ಏನಾದ್ರೂ ಸಿಕ್ತಾ?"

"ಏನೂ ತಂದಿಲ್ಲ ಮಾವ."

ಅವಳು ನೆಲದ ಮೇಲೆಯೇ ಕೂತುಬಿಟ್ಟಳು. ಕಾಲು ಹಿಡಿಯಬೇಕೆಂದು ಬಂದಿದ್ದಳು, ಆದರೆ ಕೈ ಮಡಿಲಿನಿಂದ ಏಳಲಿಲ್ಲ. ಇಷ್ಟನ್ನು ಮಾತ್ರ ಹೇಳಿದಳು: ಮೊದಲು ಕಾಯಿಸಿದವಳು ನಾನು. ನನ್ನ ಗಂಡನಿಗೆ ಕೆಡುಕಾಗಬಾರದು ಅಂತ ಕಾಯಿಸಿದೆ, ನಿಮ್ಮ ಸೊಸೆಯ ಗ್ರಹಚಾರ ನನ್ನ ತಲೆಗೇ ಬರಲಿಲ್ಲ. ನೀವು ಕಾಯಿಸುತ್ತಿರುವುದೂ ಅಂಥದ್ದೇ ಭಯದಿಂದ. ನಿಮ್ಮ ಮೇಲೆ ನನಗೆ ಕೋಪವಿಲ್ಲ.

ಆದಿನಾರಾಯಣಪ್ಪ ಬಹಳ ಹೊತ್ತು ಹೆಗಲ ಮೇಲಿನ ಟವೆಲನ್ನು ಸುರುಳಿ ಸುತ್ತಿ ಬಿಚ್ಚುತ್ತಿದ್ದರು.

"ನಮ್ಮ ಮನೆಯವಳು ಇದೇ ಜಗಲಿಯಿಂದ ನಡ್ಕೊಂಡು ಹೋದ್ಲು," ಎಂದರು. "ಗರ್ಭಕೋಶದ ಆಪರೇಷನ್, ಚಿಕ್ಕದು, ಮೂರು ದಿನದಲ್ಲಿ ಬರ್ತಾರೆ ಅಂದ್ರು. ಹೋಗುವಾಗ ಹಸುಗೆ ಹುಲ್ಲು ಹಾಕೋದು ಮರೀಬೇಡ ಅಂತ ಬಯ್ದು ಹೋದ್ಲು. ವಾಪಸ್ ಬಂದದ್ದು ಬಿಳಿ ಬಟ್ಟೇಲಿ. ಆವಾಗ ಅವಳಿಗೆ ಯಾವ ಶನೀನೂ ಇರಲಿಲ್ಲ ಕಣಮ್ಮ. ಗ್ರಹ ಎಲ್ಲ ಚೆನ್ನಾಗೇ ಇದ್ವು. ನಾನೇ ಕೇಳಿಸಿದ್ದೆ."

ಶಶಿರೇಖಾ ತಲೆ ಎತ್ತಿದಳು. ವರ್ಷಪೂರ್ತಿ ಅವಳು ಹೋರಾಡಿದ್ದು ಒಂದು ಗ್ರಹದ ಜೊತೆ ಎಂದುಕೊಂಡಿದ್ದಳು. ಅದರ ಹಿಂದೆ ಕೂತಿದ್ದದ್ದು ಈ ಮನುಷ್ಯ, ಈ ಜಗಲಿ. ಇನ್ನು ಏಳಬೇಕು, ಹೊರಡಬೇಕು ಎಂದುಕೊಂಡಳು.

ಶಿಲ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ಮಾವನ ಎದುರು, ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಮಾವ, ಅಣ್ಣನ ಮೇಲೆ ಶನಿ ಇದ್ದಾನೆ ಅಂತ ಕಾದ್ವಿ. ಇಳಿದು ನನ್ನ ಮೇಲೆ ಬಂದ ಅಂತ ಕಾದ್ವಿ. ಈಗ ಏಳೂವರೆ ವರ್ಷ ಕಾಯಿ ಅಂದ್ರೆ ಕಾಯ್ತೀನಿ. ಅಣ್ಣ ಎಲ್ಲಿರ್ತಾನೆ?"

ಅವರ ಕೈಯಲ್ಲಿ ಟವೆಲಿನ ಸುರುಳಿ ನಿಂತಿತು.

"ನಿಮ್ಮ ಮಾತು ಮೀರಿ ಹೋಗೋಕೆ ನನಗೆ ಆಗಲ್ಲ. ಆಗುತ್ತೆ ಅಂದ್ಕೊಂಡು ಒಂದು ವರ್ಷದಿಂದ ನೋಡ್ತಿದ್ದೀನಿ, ಆಗ್ತಿಲ್ಲ. ಅಪ್ಪ ಇಲ್ಲದೋಳು ನಾನು. ಒಳಗೆ ಕರ್ಕೊಂಡು ಹೋಗುವಾಗ ನೀವು ಬಾಗಿಲ ಹತ್ರ ಇದ್ದರೆ ನನಗೆ ಭಯ ಆಗಲ್ಲ. ಅಷ್ಟೇ ಕೇಳ್ತಿರೋದು."

ಮುದುಕ ಎದ್ದು ಹಿತ್ತಲ ಕಡೆ ಹೋದರು. ಶಶಿರೇಖಾ ಮತ್ತು ಶಿಲ್ಪ ಅಲ್ಲೇ ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಹಿತ್ತಲಲ್ಲಿ ನೀರು ಸೇದುವ ಸದ್ದಾಯಿತು, ಮುಖ ತೊಳೆಯುವ ಸದ್ದಾಯಿತು. ಬಹಳ ಹೊತ್ತು ತೊಳೆದರು. ಬಂದು ಮಗನನ್ನು ಕೂಗಿ, ಎಲ್ಲಿ ಸಹಿ ಹಾಕಬೇಕೋ ಹಾಕು ಎಂದರು. ಆಮೇಲೆ ಶಶಿರೇಖಾ ಕಡೆ ತಿರುಗಿ ಕೇಳಿದರು.

"ಅಲ್ಲಿ ನಮ್ಮಂಥೋರು ಕೂತ್ಕೊಳ್ಳೋಕೆ ಜಾಗ ಇರುತ್ತಾ?"

ಇನ್ನು ಉಳಿದವನು ಭೀಮರಾಜ್. ಅವನ ಹತ್ತಿರ ಶಶಿರೇಖಾ ಯಾವ ಪಂಚಾಂಗದ ಮಾತನ್ನೂ ಎತ್ತಲಿಲ್ಲ. ಶಿಲ್ಪಳೇ ಬಂದು ಮಂಚದ ತುದಿಯಲ್ಲಿ ಕೂತು, ಬೇಡ ಅನ್ನೋದಾದರೆ ನನ್ನ ಮುಖ ನೋಡಿ ಹೇಳು ಅಣ್ಣ ಎಂದಳು. ಅವನು ಗೋಡೆಯ ಕಡೆಯೇ ಮುಖ ಮಾಡಿಕೊಂಡಿದ್ದ. ಅವಳೂ ಏಳಲಿಲ್ಲ. ಕೊನೆಗೆ ಅವನು ತಿರುಗಿದ. ನೋಡಿದ. ಹೇಳಲಿಲ್ಲ.

ಆಪರೇಷನ್ ದಿನ ಇಬ್ಬರನ್ನೂ ಎರಡು ಬೇರೆ ಬಾಗಿಲುಗಳಿಂದ ಒಳಗೆ ಕರೆದುಕೊಂಡು ಹೋದರು. ಶಿಲ್ಪ ಸ್ಟ್ರೆಚರಿನ ಮೇಲಿಂದಲೇ ಮಾವನಿಗೆ, ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನಿ ಎಂದಳು. ಆದಿನಾರಾಯಣಪ್ಪ ತಲೆಯಾಡಿಸಿದರು. ಬಾಗಿಲು ಮುಚ್ಚಿದ ಮೇಲೆ ಟವೆಲ್‌ನಿಂದ ಮುಖ ಮುಚ್ಚಿಕೊಂಡು ಕೂತವರು ಹಾಗೆಯೇ ಕೂತಿದ್ದರು. ಮುನಿರಾಜು ಕಾಫಿ ತಂದ. ಅದು ಕಾಲ ಬಳಿ ಆರಿ ಕೆನೆಗಟ್ಟಿತು. ಶಶಿರೇಖಾ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದಳು. ಯಾವ ದೇವರ ಹೆಸರನ್ನೂ ಅವಳಿಗೆ ಕೊನೆಯ ತನಕ ಹೇಳಿಕೊಳ್ಳಲು ಆಗುತ್ತಿರಲಿಲ್ಲ. ಅರ್ಧಕ್ಕೇ ಶಿಲ್ಪಳ ಮುಖ ಬರುತ್ತಿತ್ತು. ಆ ಮುಖ ನಗುತ್ತಿತ್ತು. ನಗದೆ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಮಧ್ಯಾಹ್ನ ದಾಟಿತು. ಆಸ್ಪತ್ರೆಯಲ್ಲಿ ಯಾರದೋ ಮಗು ಓಡಾಡಿ ಬಿದ್ದು ಅತ್ತಿತು. ಒಂದು ಬಾಗಿಲು ತೆರೆದು ನರ್ಸ್ ಹೊರಗೆ ಬಂದಳು.

"ಶಿಲ್ಪ ಕಡೆಯವರು ಯಾರು?"

ಆದಿನಾರಾಯಣಪ್ಪ ಎದ್ದೇಳಲು ಹೋದರು. ಬೆಂಚಿನ ಕಂಬಿ ಹಿಡಿದು ಹಾಗೇ ಕುಸಿದರು. ಮುನಿರಾಜು ಔಷಧಿ ತರಲು ಕೆಳಗೆ ಹೋಗಿದ್ದ. ಶಶಿರೇಖಾ ಆಗಲೇ ಓಡಿದ್ದಳು. ನಾನು, ನಾನು ಎನ್ನುತ್ತಿದ್ದಳು. ಯಾರ ಕಡೆಯವಳೆಂದು ತನ್ನನ್ನು ತಾನೇ ಕೇಳಿಕೊಳ್ಳುವಷ್ಟು ಹೊತ್ತೂ ಅವಳಿಗೆ ಇರಲಿಲ್ಲ.

ಎಚ್ಚರವಾಗಿದೆ, ನೀರು ಕೇಳುತ್ತಿದ್ದಾರೆ, ಈಗಲೇ ಕೊಡುವ ಹಾಗಿಲ್ಲ ಎಂದು ನರ್ಸ್ ಹೇಳಿದಳು. ಶಶಿರೇಖಾ ಅದನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಹೆಸರು ಸರಿಯಾಗಿದೆಯಾ ಎಂದು ಕೇಳಿದಳು. ನರ್ಸ್ ಒಳಗೆ ಹೋದಳು.

ಶಶಿರೇಖಾ ತಿರುಗಿ ಬಂದು ಮುದುಕನ ಮುಂದೆ ಮೊಣಕಾಲೂರಿ ಕೂತು ವಿಷಯ ಹೇಳಿದಳು. ನೀರು ಕೇಳ್ತಿದ್ದಾಳಂತೆ ಮಾವ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡರು.

"ಭೀಮರಾಜು?" ಎಂದರು ಸುಧಾರಿಸಿಕೊಂಡು.

"ಇನ್ನೂ ಏನೂ ಹೇಳಿಲ್ಲ."

ಇನ್ನೊಂದು ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಆದಿನಾರಾಯಣಪ್ಪ ಅದನ್ನು ನೋಡಿದರು, ಅವಳನ್ನು ನೋಡಿದರು, ಬೆಂಚಿನ ಮೇಲೆ ಸ್ವಲ್ಪ ಆ ಕಡೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ಇಲ್ಲಿ ಕೂತ್ಕೊಳಮ್ಮ," ಎಂದರು. "ಅವನು ಬರೋತನಕ ನಾನೂ ಏಳಲ್ಲ."